ನೊಗ, ಬುಗುರಿ, ಹಿಟ್ಟಿನ ಕೋಲು

ಮಂಡ್ಯ ಸೀಮೆಯವರಿಗೆ ಮರದ ಸಾಮಾನು ಕಂಡರೆ ಕೈ ಸುಮ್ಮನಿರುವುದಿಲ್ಲ. ಗೃಹಪ್ರವೇಶಕ್ಕೆ ಹೋದವರು ದೇವರಿಗೆ ಕೈ ಮುಗಿಯುವ ಮೊದಲೇ ಮುಂಬಾಗಿಲನ್ನು ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ ಆಗಿರುತ್ತದೆ. 'ಏನ್ ಮರ ಕಣಣ್ಣ?' ಎಂಬುದು ಮೊದಲ ಪ್ರಶ್ನೆ. 'ತೇಗ' ಎಂದರೆ 'ಎಲ್ಲೀದು?' ಎಂಬುದು ಎರಡನೆಯದು. ದಾಂಡೇಲಿಯದೋ, ಬರ್ಮಾದ್ದೋ, ಘಾನಾದ್ದೋ ಎಂದು ವಿಚಾರಣೆ ನಡೆದು, ಅಡಿಗೆ ಎಷ್ಟು ಬಿತ್ತು ಎನ್ನುವಲ್ಲಿಗೆ ಮುಟ್ಟಿ, 'ನಮ್ ಭಾಮೈದ ಇದಕ್ಕಿಂತ ಕಮ್ಮೀಲಿ ತಂದ' ಎಂಬ ತೀರ್ಪು ಕೊಟ್ಟು ಊಟಕ್ಕೆ ಏಳುತ್ತಾರೆ. ಬಾಗಿಲು ಮಾಡಿದ ಆಚಾರ್ರು ಅಲ್ಲೇ ಪಕ್ಕದಲ್ಲಿ, ಮನೆಯವರು ಕೊಟ್ಟ ಹೊಸ ಪಂಚೆ ಉಟ್ಟು ಕೂತಿರುತ್ತಾರೆ. ಅವರ ಕಡೆ ತಿರುಗಿ 'ಚೆನ್ನಾಗಿ ಮಾಡಿದ್ದೀರಿ' ಎನ್ನುವ ಅಭ್ಯಾಸ ನಮ್ಮವರಿಗಿಲ್ಲ. ಹೊಗಳಿದರೆ ಕೂಲಿ ಏರುತ್ತದೆಂಬ ಭಯವೋ, ಕಣ್ಣು ತಗುಲುತ್ತದೆಂಬ ಕಾಳಜಿಯೋ, ದೇವರೇ ಬಲ್ಲ.

ಬೇರೆ ಕಡೆ ಮರಗೆಲಸದವರು ಒಂದೆಡೆ ಸೇರಿ, ತಾವು ಮಾಡಿದ ಕುರ್ಚಿ, ಪೆಟ್ಟಿಗೆ, ಕಡೆದ ಬಟ್ಟಲುಗಳನ್ನು ಸಾಲಾಗಿ ಇಟ್ಟು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಅಲ್ಲಿ ಕೂತು ನೋಡುವವರಿಲ್ಲ, ನಿಂತು ನೋಡುವವರೇ ಎಲ್ಲ. ಕುರ್ಚಿಯ ಗುಣವನ್ನು ನಿಂತುಕೊಂಡು ಹೇಳುವುದು ಹೇಗೆ? ಈ ವಿಷಯದಲ್ಲಿ ನಮ್ಮ ಹಳ್ಳಿಗಳ ಪದ್ಧತಿಯೇ ಗಟ್ಟಿ. ನಮ್ಮಲ್ಲಿ ಬಡಗಿಯ ಮೊದಲ ವಿಮರ್ಶಕ ಎತ್ತು.

ನೊಗ ತಯಾರಾಯಿತು ಎನ್ನಿ. ಆಚಾರ್ರು ಬಾಚಿಯಲ್ಲಿ ಕೆತ್ತಿ, ಉಳಿಯಲ್ಲಿ ತಿದ್ದಿ, ಅಂಗೈಯಿಂದ ಉದ್ದಕ್ಕೂ ಸವರಿ, ಗಂಟು ಸಿಕ್ಕಿದಲ್ಲಿ ಮತ್ತೆ ಕೆರೆದು ಕೊಡುತ್ತಿದ್ದರು. ರೈತ ಹೊತ್ತುಕೊಂಡು ಹೋಗುತ್ತಿದ್ದ. ಅವನೇನೂ ಹೇಳುತ್ತಿರಲಿಲ್ಲ. ಉತ್ತು ಬಂದ ಮೇಲೆ ಸಂಜೆ ಎತ್ತಿನ ಹೆಗಲು ಮುಟ್ಟಿ ನೋಡುತ್ತಿದ್ದ. ಹೆಗಲು ಬಾತಿದ್ದರೆ ಮಾರನೆಯ ಬೆಳಿಗ್ಗೆ ನೊಗ ಆಚಾರ್ರ ಜಗಲಿಯ ಮೇಲೆ ವಾಪಸ್ ಬಂದು ಬೀಳುತ್ತಿತ್ತು. ಅದಕ್ಕೆ ಮೇಲ್ಮನವಿಯಿಲ್ಲ. ಹಳ್ಳಿಕಾರ್ ಎತ್ತಿಗೆ ದಾಕ್ಷಿಣ್ಯವೂ ಇಲ್ಲ, ಆಚಾರ್ರ ನೆಂಟಸ್ತನವೂ ಇಲ್ಲ. ನೇಗಿಲದ್ದೂ ಹೀಗೆಯೇ: ಈಸಿನ ಓಟ ಬೆರಳಷ್ಟು ತಪ್ಪಿದರೆ ಕುಳ ಒಂದೋ ಮಣ್ಣನ್ನು ಗೀರಿಕೊಂಡು ಮೇಲೆ ತೇಲುತ್ತದೆ, ಇಲ್ಲವೇ ಆಳಕ್ಕೆ ಕಚ್ಚಿ ಎತ್ತುಗಳ ಉಸಿರು ಕಟ್ಟಿಸುತ್ತದೆ. ಮೇಣಿ ಹಿಡಿದವನ ಎತ್ತರಕ್ಕೆ ಸರಿಯಾಗಿ ಮೇಣಿ ಇರಬೇಕು. ಹಾಗಾಗಿ ಊರಿನ ಪ್ರತಿ ರೈತನ ಎತ್ತರ, ಎಡಚನೋ ಬಲಚನೋ ಎಂಬುದು, ಅವನ ಎತ್ತುಗಳ ಸ್ವಭಾವ, ಎಲ್ಲ ಆಚಾರ್ರಿಗೆ ಬಾಯಿಪಾಠ. ಈಗ ಬೆಂಗಳೂರಿನ ಆಫೀಸುಗಳಲ್ಲಿ ಬೆನ್ನುನೋವಿನವರಿಗೆ ಅಂತಲೇ ಅಳತೆ ನೋಡಿ ಕುರ್ಚಿ ಮಾರುತ್ತಾರೆ. ಅದನ್ನು ಹೊಸ ವಿದ್ಯೆ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ.

ಕೂಲಿಯ ಲೆಕ್ಕವೂ ಹಾಗೆಯೇ ನಡೆಯುತ್ತಿತ್ತು. ಆಯಗಾರರಲ್ಲಿ ಬಡಗಿಯೂ ಒಬ್ಬ. ವರ್ಷವಿಡೀ ರಿಪೇರಿ ಮಾಡಿಕೊಟ್ಟವನು ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರಾಗಿಯೋ ಭತ್ತವೋ ಮೊರದಲ್ಲಿ ಅಳೆದು ಹಾಕುತ್ತಿದ್ದರು. ಎತ್ತಿನ ಹೆಗಲು ಬಾತ ವರ್ಷ ಮೊರ ತುಸು ಓರೆಯಾಗುತ್ತಿತ್ತೆಂದು ಕೇಳಿದ್ದೇನೆ. ಈ ಪದ್ಧತಿಯನ್ನು ನೆನೆದು ಕಣ್ಣೀರು ಹಾಕುವವರ ಗುಂಪಿಗೆ ನಾನು ಸೇರಿದವನಲ್ಲ. ಮಳೆ ಹೋದ ವರ್ಷ ರೈತನ ಜೊತೆ ಬಡಗಿಯೂ ಉಪವಾಸ. ಕೆಲಸ ಹಿಡಿಸದಿದ್ದರೆ ಬೇರೆ ಊರಿಗೆ ಹೋಗುವುದೂ ಸುಲಭವಿರಲಿಲ್ಲ. ಮೆಚ್ಚುಗೆಯ ಮಾತನ್ನೂ ಧಾನ್ಯದಲ್ಲೇ ಅಳೆದರೆ ಅದು ಯಾವಾಗಲೂ ಸ್ವಲ್ಪ ಕಮ್ಮಿಯೇ ಬೀಳುತ್ತದೆ.

ಆದರೆ ಚಕ್ರಕ್ಕೆ ಪಟ್ಟ ಏರಿಸುವ ದಿನದ ಮಾತು ಬೇರೆ. ಆವತ್ತು ಊರೇ ಪ್ರೇಕ್ಷಕರು. ಗಾಡಿಯ ಚಕ್ರಕ್ಕೆ ಕೆರೆಯಂಗಳದ ಕರಿಜಾಲಿಯೇ ಆಗಬೇಕು. ಕಡಿದ ಮರವನ್ನು ಕೆರೆಯ ನೀರಿನಲ್ಲಿ ಮುಳುಗಿಸಿ ಬಿಟ್ಟು, ಅದರ ಸೊನೆಯೆಲ್ಲ ಹೋದ ಮೇಲೆ ನೆರಳಲ್ಲಿ ಒಣಗಿಸಿ, ಆಮೇಲೆ ಕೆಲಸಕ್ಕೆ ಕೈ. ನಡುವೆ ಗುಂಬ, ಅದರಿಂದ ಹೊರಟ ಅರೆಕಾಲುಗಳು, ಸುತ್ತ ಬಾಗಿದ ಮರದ ತುಂಡುಗಳು. ಇವು ಒಂದರೊಳಗೊಂದು ಕೂತು ಮೇಲುನೋಟಕ್ಕೆ ಚಕ್ರ ಮುಗಿದಂತೆ ಕಾಣುತ್ತದೆ. ಮುಗಿದಿರುವುದಿಲ್ಲ. ಕಬ್ಬಿಣದ ಪಟ್ಟವನ್ನು ಚಕ್ರದ ಸುತ್ತಳತೆಗಿಂತ ಒಂಚೂರು ಚಿಕ್ಕದಾಗಿಯೇ ಬೆಸೆದಿರುತ್ತಾರೆ. ಬೆರಣಿ ಸುತ್ತ ಒಟ್ಟಿ ಬೆಂಕಿ ಹಚ್ಚಿ, ಪಟ್ಟ ಕೆಂಪಗೆ ಕಾದು ಹಿಗ್ಗಿದಾಗ ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಚಕ್ರದ ಮೇಲೆ ಇಳಿಸುತ್ತಾರೆ. ಮರ ಹೊತ್ತಿಕೊಳ್ಳುವಷ್ಟರಲ್ಲಿ ಕೊಡಗಟ್ಟಲೆ ನೀರು. ಬುಸ್ಸೆಂದು ಹೊಗೆ ಎದ್ದು, ಕಬ್ಬಿಣ ಕುಗ್ಗಿ, ಒಳಗಿನ ಕೀಲುಗಳೆಲ್ಲ ಕಿರ್ರ್ ಎಂದು ಒಟ್ಟಿಗೆ ಬಿಗಿಯುತ್ತವೆ. ಆ ಸದ್ದು ಸರಿಯಾಗಿದ್ದರೆ ಆಚಾರ್ರ ಮುಖದಲ್ಲಿ ನಗು. ಪಟ್ಟ ಹೆಚ್ಚು ಚಿಕ್ಕದಾಗಿದ್ದರೆ ಅರೆಕಾಲು ಸೀಳುತ್ತದೆ, ದೊಡ್ಡದಾಗಿದ್ದರೆ ಬೇಸಿಗೆಯಲ್ಲಿ ಮರ ಒಣಗಿ ಪಟ್ಟ ನಡುದಾರಿಯಲ್ಲೇ ಕಳಚಿಕೊಂಡು ಉರುಳುತ್ತದೆ. ಕಮ್ಮಾರನಿಗೂ ಬಡಗಿಗೂ ಲೆಕ್ಕ ಒಂದೇ ಆಗಬೇಕು. ಚಕ್ರ ಕೆಟ್ಟರೆ ತಪ್ಪು ಯಾರದು ಎಂಬ ಜಗಳ ಅರಳೀಕಟ್ಟೆಯಲ್ಲಿ ಮುಂದಿನ ಸುಗ್ಗಿಯವರೆಗೂ ಎಳೆಯುತ್ತಿತ್ತು.

ಲೆಕ್ಕ ಎಂದಾಗ ಆಯದ ವಿಷಯವನ್ನೂ ಹೇಳಿಬಿಡಬೇಕು. ಮನೆಯ ಉದ್ದಗಲ, ಬಾಗಿಲ ಅಳತೆ ಎಲ್ಲವನ್ನೂ ಕೂಡಿ ಗುಣಿಸಿ ಎಂಟರಿಂದ ಭಾಗಿಸಿದರೆ ಉಳಿಯುವ ಶೇಷದ ಮೇಲೆ ಆಯ ನಿಂತಿದೆ. ಧ್ವಜ, ಸಿಂಹ, ವೃಷಭ, ಗಜ ಬಂದರೆ ಕ್ಷೇಮ. ಧೂಮ, ಶ್ವಾನ, ಖರ, ಕಾಕ ಬಂದರೆ ಮನೆಯವರಿಗೆ ನಿದ್ದೆ ಬರುವುದಿಲ್ಲ. ಇಂಜಿನಿಯರ್ ಕಂಪ್ಯೂಟರಿನಲ್ಲಿ ಬರೆದುಕೊಟ್ಟ ನಕ್ಷೆಗೆ ಕಾಕಾಯ ಬಂತೆಂದು ಹೌಹಾರಿದ ಮನೆಯೊಡೆಯನಿಗೆ ಆಚಾರ್ರೇ ಸಮಾಧಾನ ಹೇಳಿ, ಹೊಸ್ತಿಲಿನಲ್ಲಿ ಬೆರಳಗಲ ತೋಪಡ ಹೊಡೆದು ಗಜಾಯ ಮಾಡಿಕೊಟ್ಟದ್ದುಂಟು. ಕಾಗೆಯನ್ನು ಇಷ್ಟು ಅಗ್ಗಕ್ಕೆ ಆನೆ ಮಾಡುವ ವಿದ್ಯೆ ರಾಜಕೀಯದವರಿಗೂ ಒಲಿದಿಲ್ಲ.

ಎತ್ತಿನಷ್ಟೇ ಕಠಿಣ ವಿಮರ್ಶೆ ನಡೆಯುತ್ತಿದ್ದ ಇನ್ನೊಂದು ಜಾಗ ಅಡುಗೆಮನೆ. ತುರಿಮಣೆ, ಈಳಿಗೆಮಣೆ, ಕಡಗೋಲು, ಶ್ಯಾವಿಗೆ ಒರಳು ಇವೆಲ್ಲಕ್ಕಿಂತ ಮಂಡ್ಯದಲ್ಲಿ ಹೆಚ್ಚಿನ ಪರೀಕ್ಷೆ ಹಿಟ್ಟಿನ ಕೋಲಿಗೆ. ಐದಾರು ಜನಕ್ಕೆ ಮುದ್ದೆ ತೊಳಸುವುದೆಂದರೆ ಗಂಟಿಲ್ಲದಂತೆ ತಿರುವಬೇಕು, ಪಾತ್ರೆ ಅಲುಗಬಾರದು, ಕೈಗೆ ಸಿಬರು ಚುಚ್ಚಬಾರದು. ಕೋಲು ತೀರ ದಪ್ಪವಾದರೆ ತಳ ಸೇರುವುದಿಲ್ಲ, ಸಣ್ಣದಾದರೆ ಹಿಟ್ಟು ಬಗ್ಗುವುದಿಲ್ಲ. ಮುದ್ದೆಯಲ್ಲಿ ಗಂಟು ಸಿಕ್ಕಿದರೆ ಗಂಡ ಹೆಂಡತಿಯನ್ನು ನೋಡುತ್ತಾನೆ, ಹೆಂಡತಿ ಕೋಲನ್ನು ನೋಡುತ್ತಾಳೆ, ಕೋಲು ಮಾಡಿದ ಆಚಾರ್ರು ಮಾರನೆಯ ದಿನ ಆ ಬೀದಿಯಲ್ಲಿ ಹಾಯದಿರುವುದೇ ಲೇಸು. ಈಗ ಸಂತೆಯಲ್ಲಿ ಸಿಗುವ ಕೋಲುಗಳು ಒಂದೇ ಅಚ್ಚಿನಿಂದ ಇಳಿದವು. ನೋಡಲು ನಯವಾಗಿವೆ. ನಮ್ಮ ಮನೆಯಲ್ಲಿ ಇವತ್ತಿಗೂ ಹಳೆಯದೇ ಕೆಲಸ ಮಾಡುವುದು, ಹೊಸದು ಗೋಡೆಗೆ ಒರಗಿಕೊಂಡು ನೋಡುತ್ತಿರುತ್ತದೆ.

ಕಡೆದ ಸಾಮಾನಿನ ವಿಚಾರ ಬಂದರೆ ಮದ್ದೂರಿನವರ ಮುಖ ತಾನಾಗಿ ಚನ್ನಪಟ್ಟಣದ ಕಡೆ ತಿರುಗುತ್ತದೆ. ನಡುವೆ ಇರುವುದು ರೈಲಿನಲ್ಲಿ ಒಂದು ವಡೆ ತಿಂದು ಕೈ ಒರೆಸಿಕೊಳ್ಳುವಷ್ಟು ದೂರ. ಹುಡುಗರಾಗಿದ್ದಾಗ ನಮಗೆ ಚನ್ನಪಟ್ಟಣ ಎಂದರೆ ಬುಗುರಿ. ಆಲೆ ಮರದ ಬಿಳಿ ತುಂಡು ಗರಗರ ತಿರುಗುತ್ತಿರುವಾಗ ಉಳಿ ತಾಕಿಸಿ ಆಕಾರ ಇಳಿಸುತ್ತಾರೆ. ಆಮೇಲೆ ಬಣ್ಣ ಸೇರಿಸಿದ ಅರಗಿನ ಕಡ್ಡಿಯನ್ನು ಅದೇ ತಿರುಗುವ ಮರಕ್ಕೆ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಕುಂಚವಿಲ್ಲ, ಒಲೆಯಿಲ್ಲ. ಕೊನೆಗೆ ಒಣಗಿದ ಗರಿಯನ್ನು ಒತ್ತಿ ಹಿಡಿದರೆ ಹೊಳಪು. ಈ ಅರಗಿನ ಕೆಲಸವನ್ನು ಬಾವಾಸ್ ಮಿಯಾನ್ ಎಂಬವರು ಜಪಾನಿನ ರೀತಿ ನೋಡಿ ಸುಧಾರಿಸಿದರೆಂದು ಊರಿನವರು ಹೇಳುತ್ತಾರೆ. ಅವರ ಹೆಸರು ಉಳಿದದ್ದು ನಮ್ಮ ಕಡೆ ಅಪರೂಪದ ಸಂಗತಿ. ಹೆದ್ದಾರಿಯ ಬದಿಯ ಗೊಂಬೆ ಅಂಗಡಿಗಳು ಆ ಊರಿನ ಪ್ರದರ್ಶನಶಾಲೆಯಾಗಿದ್ದವು. ಕಾರು ನಿಲ್ಲಿಸಿದವರು ಮಗುವಿಗೆ ಒಂದು ಮರದ ಕುದುರೆ, ಮನೆಗೆ ಒಂದು ಬಳೆ ಸ್ಟ್ಯಾಂಡು ಎಂದು ಕೊಳ್ಳುತ್ತಿದ್ದರು. 2023ರ ಮಾರ್ಚ್ 12ರಂದು ಮದ್ದೂರಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು-ಮೈಸೂರು ಹೊಸ ದಶಪಥ ಉದ್ಘಾಟನೆಯಾದ ಮೇಲೆ ಆ ಕಾರುಗಳು ಊರ ಹೊರಗಿನಿಂದಲೇ ಹಾರಿಹೋಗುತ್ತವೆ. ಚನ್ನಪಟ್ಟಣದ ಕುದುರೆಗೂ ಮದ್ದೂರಿನ ವಡೆಗೂ ಹೊಡೆತ ಒಟ್ಟಿಗೇ ಬಿತ್ತು. ಬೇಗ ಮುಟ್ಟಿದೆವು ಎಂದು ಹಿಗ್ಗುವವರನ್ನು ಮೈಸೂರಿಗೆ ಹೋಗಿ ಆ ಮಿಕ್ಕ ಗಂಟೆಯಲ್ಲಿ ಏನು ಮಾಡಿದಿರೆಂದು ಕೇಳಿ ನೋಡಿ. ಪಾರ್ಕಿಂಗ್ ಹುಡುಕಿದೆವು ಎನ್ನುತ್ತಾರೆ.

ತಿರುಗುವ ಯಂತ್ರಕ್ಕೆ ಕರೆಂಟು ಬೇಕಲ್ಲ, ಅದರ ಕಥೆಯಲ್ಲಿ ಮಳವಳ್ಳಿಗೂ ಒಂದು ಪಾಲಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದರು. ಆ ಕರೆಂಟು ಮಳವಳ್ಳಿಯ ಹಳ್ಳಿಗಳ ತಲೆಯ ಮೇಲೆಯೇ ಹಾದು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ಕ್ಕೆ ಬೆಂಗಳೂರಿನ ಬೀದಿಗೆ ದೀಪ ಬಂತು. ತಂತಿಯ ಕೆಳಗೆ ಕೂತಿದ್ದ ಬಡಗಿ ಮಾತ್ರ ಎಷ್ಟೋ ಕಾಲ ಹಗ್ಗ ಎಳೆಯಲು ಮಗನನ್ನು ಕೂರಿಸಿಕೊಂಡು ತೊಟ್ಟಿಲಿನ ಕಾಲು ಕಡೆಯುತ್ತಿದ್ದ. ಮಗ ತೂಕಡಿಸಿದರೆ ತೊಟ್ಟಿಲ ಕಾಲಿನ ಉಬ್ಬು ತಗ್ಗು ಏರುಪೇರು. ಅಂಥ ತೊಟ್ಟಿಲಲ್ಲಿ ಮಲಗಿದ ಮಕ್ಕಳು ಬೆಳೆದು ದೊಡ್ಡವರಾಗಿದ್ದಾರೆ, ಏನೂ ತೊಂದರೆಯಾಗಿಲ್ಲ.

ಹಾಗೆ ನೋಡಿದರೆ ನಮ್ಮ ಜಿಲ್ಲೆಯ ಮರಗೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ನೋಡಿರುವ ವಸ್ತು ನಮ್ಮ ಜಿಲ್ಲೆಯಲ್ಲಿಲ್ಲ. ಅದು ಟಿಪ್ಪುವಿನ ಹುಲಿ. ಶ್ರೀರಂಗಪಟ್ಟಣದ ಅರಮನೆಯಲ್ಲಿದ್ದ, ಬಿಳಿಯನೊಬ್ಬನ ಕೊರಳಿಗೆ ಬಾಯಿ ಹಾಕಿ ಮೇಲೆ ಕೂತ ಮರದ ಹುಲಿ. ಪಕ್ಕದ ಹಿಡಿ ತಿರುಗಿಸಿದರೆ ಕೆಳಗಿದ್ದವನ ಕೈ ಮೇಲೆ ಕೆಳಗೆ ಆಡುತ್ತದೆ, ಅವನು ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅದು ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಈಗ ಅಲ್ಲಿಯ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಎರಡನೆಯ ಮಹಾಯುದ್ಧದ ಬಾಂಬಿನಲ್ಲಿ ಸೂರು ಕುಸಿದು ಚೂರುಚೂರಾದದ್ದನ್ನು ಮತ್ತೆ ಜೋಡಿಸಿ ನಿಲ್ಲಿಸಿದರು. ಒಳಗಿನ ವಾದ್ಯಕ್ಕೆ ಫ್ರೆಂಚರ ಕೈ ತಗುಲಿತ್ತೇ ಎಂದು ವಿದ್ವಾಂಸರು ಚರ್ಚೆ ಮಾಡುತ್ತಾರೆ. ಹೊರಗಿನ ಹುಲಿಯನ್ನು ಕೆತ್ತಿದವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಕದ್ದೊಯ್ದವರ ಹೆಸರು, ಇಟ್ಟುಕೊಂಡವರ ಹೆಸರು ಎಲ್ಲ ದಾಖಲೆಯಲ್ಲಿವೆ. ಅವನಿಗೂ ಯಾರೋ 'ಮೀಸೆ ಇನ್ನೊಂದಿಷ್ಟು ಉದ್ದ ಇರ್ಬೇಕಿತ್ತು ಕಣಯ್ಯ' ಎಂದೇ ಹೇಳಿರುತ್ತಾರೆ ಎಂಬುದು ನನ್ನ ಗುಮಾನಿ.

ಮಾಡಿದವನ ಹೆಸರು ಮರೆಯಾಗಲು ಬಿಡುವ ತಪ್ಪನ್ನು ಈಗಿನ ಆಚಾರ್ರು ಮಾಡುವುದಿಲ್ಲ. ಮಂಚ ಬೇಕೆಂದು ಮಂಡ್ಯದ ಯಾವುದೇ ವರ್ಕ್‌ಶಾಪಿಗೆ ಹೋಗಿ, ಮೊದಲು ಜೇಬಿನಿಂದ ಹೊರಗೆ ಬರುವುದು ಅಳತೆಪಟ್ಟಿಯಲ್ಲ, ಫೋನು. 'ನೋಡಿ ಸಾರ್, ಇದು ನಾನೇ ಮಾಡಿದ್ದು' ಎಂದು ಬೆರಳಾಡಿಸುತ್ತ ಹೋಗುತ್ತಾರೆ. ದೇವರ ಮಂಟಪ, ನವಿಲಿನ ತಲೆದೆಸೆಯ ಮಂಚ, ಟಿವಿ ಸ್ಟ್ಯಾಂಡು, ನಡುನಡುವೆ ಮಗಳ ಹುಟ್ಟುಹಬ್ಬ, ಮತ್ತೆ ಉಯ್ಯಾಲೆ. ಎಷ್ಟೋ ತಲೆಮಾರಿನ ಮೌನ ಒಟ್ಟಿಗೇ ಮಾತಾಡಿದ ಹಾಗಿರುತ್ತದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಇದೆ. ಬಾಚಿ, ಕೊಡತಿ ಮೂಲೆ ಸೇರಿ ಕೈಗೆ ಮೆಷಿನ್ನು ಬಂದಿದೆ. ಬದಲಾಗದಿರುವುದು ಒಂದೇ: ಮಂಚ ಎಂದು ಸಿಗುತ್ತದೆ ಎಂದರೆ ಇವತ್ತಿಗೂ ಬರುವ ಉತ್ತರ 'ನಾಳೆ'. ಆ ನಾಳೆಯೊಳಗೆ ಒಂದು ದೀಪಾವಳಿ, ಒಂದು ಸಂಕ್ರಾಂತಿ ಆರಾಮಾಗಿ ಹಿಡಿಸುತ್ತವೆ.

ಗಾಡಿಯ ಕೆಲಸವೂ ಪೂರಾ ಸತ್ತಿಲ್ಲ. ಕಬ್ಬು ಹೊರುವ ಕೆಲಸಕ್ಕೆ ಟೈರ್ ಗಾಡಿ ಬಂದು ಮರದ ಚಕ್ರ ಮೂಲೆಗೆ ಬಿದ್ದಿತ್ತು, ಟ್ರಾಕ್ಟರ್ ಬಂದು ಟೈರ್ ಗಾಡಿಯನ್ನೂ ಮೂಲೆಗೆ ತಳ್ಳಿತು. ಆದರೆ ಜೋಡೆತ್ತಿನ ಗಾಡಿ ಓಟಕ್ಕೆ ಅವಕಾಶ ಕೊಟ್ಟ 2017ರ ರಾಜ್ಯದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇನಲ್ಲಿ ಎತ್ತಿಹಿಡಿದ ಮೇಲೆ, ಹಗುರವಾದ ಓಟದ ಗಾಡಿ ಮಾಡಿಸಿಕೊಡಿ ಎಂದು ಹುಡುಗರು ಹಳೆಯ ಆಚಾರ್ರ ಮನೆ ಹುಡುಕಿಕೊಂಡು ಹೋಗುತ್ತಾರೆ. ಓಟದ ಎತ್ತಿನ ಹೆಗಲೂ ಸುಳ್ಳು ಹೇಳುವುದಿಲ್ಲ. ಅಷ್ಟು ಮಟ್ಟಿಗೆ ವಿಮರ್ಶೆ ಇನ್ನೂ ಜೀವಂತವಾಗಿದೆ.

ಮಿಕ್ಕ ಚಕ್ರಗಳು, ಕೆಡವಿದ ತೊಟ್ಟಿಮನೆಗಳ ಕಂಬಗಳು, ಬೋದಿಗೆಗಳು ಎಲ್ಲ ಲಾರಿ ಹತ್ತಿ ರೆಸಾರ್ಟು, ಹೋಟೆಲು ಸೇರಿವೆ. ಹೆದ್ದಾರಿ ಬದಿಯ ಅಂಥ ಒಂದು ಹೋಟೆಲಿಗೆ ಮಳವಳ್ಳಿ ಕಡೆಯ ನಮ್ಮ ದೊಡ್ಡಪ್ಪನನ್ನು ಕರೆದುಕೊಂಡು ಹೋಗಿದ್ದೆ. ಗಾಡಿಯ ಚಕ್ರವನ್ನು ಮಲಗಿಸಿ ಮೇಲೆ ಗಾಜು ಹಾಸಿ ಟೇಬಲ್ ಮಾಡಿದ್ದರು. ವಾರ್ನಿಷಿನಲ್ಲಿ ಮಿರಮಿರ ಮಿಂಚುತ್ತಿತ್ತು. ಸುತ್ತಮುತ್ತಲಿನವರು ಫೋಟೋ ಹೊಡೆದುಕೊಳ್ಳುತ್ತಿದ್ದರು. ದೊಡ್ಡಪ್ಪ ಕೂರಲಿಲ್ಲ. ಪಂಚೆ ಎತ್ತಿಕಟ್ಟಿ, ಗಾಜಿನ ಕೆಳಗೆ ಬಗ್ಗಿ, ಅರೆಕಾಲು ಒಂದೊಂದನ್ನೇ ಅಲುಗಾಡಿಸಿ ನೋಡತೊಡಗಿದರು. ವೇಟರ್ ಓಡಿ ಬಂದು 'ಏನಾದ್ರೂ ಬಿತ್ತಾ ಸಾರ್?' ಎಂದ.

'ಬೀಳೋಕೆ ಏನದಪ್ಪ' ಎಂದರು ದೊಡ್ಡಪ್ಪ, ತಲೆ ಎತ್ತದೆ. 'ಎರಡು ಅರೆಕಾಲು ಸಡ್ಲ ಆಗವೆ. ಇದನ್ನ ಕೊಟ್ಟೋನು ನಿಮ್ಗೆ ಟೋಪಿ ಹಾಕವ್ನೆ. ಮಾಲೀಕರ್ನ ಕರಿ, ಪಟ್ಟ ಬಿಗಿಸೋರು ಎಲ್ಲವ್ರೆ ಅಂತ ನಾನ್ ಹೇಳ್ತೀನಿ. ಹಂಗೇ ಎರಡು ವಡೆ ತಗಂಬಾ.'