ದಿಂಬು ಮತ್ತು ಕಿವಿ

ಸುವಾರ್ತೆಗಳನ್ನು ಓದಲು ನನ್ನದೊಂದು ಸೋಮಾರಿ ಕ್ರಮವಿದೆ. ಒಂದೇ ಪ್ರಸಂಗವನ್ನು ಹಿಡಿದುಕೊಂಡು ಮತ್ತಾಯ, ಮಾರ್ಕ, ಲೂಕ, ಯೋಹಾನರ ಮನೆಗೆ ಒಂದು ಸುತ್ತು ಹೋಗಿಬರುತ್ತೇನೆ. ಒಬ್ಬರ ಜಗಲಿಯಲ್ಲಿ ಕಂಡದ್ದು ಇನ್ನೊಬ್ಬರಲ್ಲಿ ಇರುವುದಿಲ್ಲ; ಮಜಾ ಇರುವುದೇ ಅಲ್ಲಿ.

ಗಲಿಲಾಯ ಸರೋವರದ ಬಿರುಗಾಳಿಯನ್ನೇ ನೋಡಿ. ದೋಣಿಯೊಳಕ್ಕೆ ನೀರು ನುಗ್ಗುತ್ತಿದೆ, ಯೇಸು ನಿದ್ದೆಹೋಗಿದ್ದಾನೆ. ಈ ಕತೆ ಯೋಹಾನನಿಗೆ ಬೇಡವಾಗಿದೆ. ಉಳಿದ ಮೂವರೂ ಹೇಳುತ್ತಾರೆ. ಆದರೆ ತಲೆಯಡಿ ದಿಂಬಿತ್ತು ಎನ್ನುವವನು ಮಾರ್ಕನೊಬ್ಬನೇ. ಅವನಲ್ಲಿ ಶಿಷ್ಯರು ಗುರುವನ್ನು ಎಬ್ಬಿಸುವ ಬಗೆಯೂ ಒರಟು: ನಾವು ಸಾಯುತ್ತಿದ್ದರೂ ನಿನಗೇನೂ ಅನಿಸುವುದಿಲ್ಲವೇ ಎಂಬ ಧಾಟಿ. ಮತ್ತಾಯನಲ್ಲಿ ಅದೇ ಕೂಗು ನಯವಾದ ಪ್ರಾರ್ಥನೆಯಾಗಿದೆ. ಮಾರ್ಕ ಮೊದಲು ಬರೆದ, ಮತ್ತಾಯ, ಲೂಕರು ಅದನ್ನು ಎದುರಿಗಿಟ್ಟುಕೊಂಡು ಬರೆದರು ಎಂಬುದು ಹೆಚ್ಚಿನ ವಿದ್ವಾಂಸರ ಮತ. ಹಾಗಿದ್ದರೆ ಆ ದಿಂಬನ್ನು ಎಳೆದುಹಾಕಿದವರು ಇವರಿಬ್ಬರೇ. ಪಾಪ, ಮಲಗಿದವನ ತಲೆಯಡಿಯಿಂದ!

ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿನ ಕತೆಯಲ್ಲೂ ಮಾರ್ಕ ನಿರ್ದಾಕ್ಷಿಣ್ಯ. ಬಹಳ ವೈದ್ಯರ ಕೈಗೆ ಸಿಕ್ಕಿ, ಇದ್ದ ದುಡ್ಡೆಲ್ಲ ಕಳೆದು, ರೋಗ ಇನ್ನಷ್ಟು ಹೆಚ್ಚಿತು ಎನ್ನುತ್ತಾನೆ. ಲೂಕನಲ್ಲಿ ಯಾರಿಂದಲೂ ವಾಸಿಯಾಗಲಿಲ್ಲ ಎಂಬಷ್ಟೇ ಇದೆ. ಹೆಚ್ಚಿತು ಎಂಬ ಮಾತಿಲ್ಲ. ಲೂಕ ಸ್ವತಃ ವೈದ್ಯನಾಗಿದ್ದನೆಂಬುದು ಹಳೆಯ ನಂಬಿಕೆ. ವೃತ್ತಿಬಾಂಧವರ ಮಾನ ಉಳಿಸಿದನೋ ಏನೋ!

ಈ ನಾಲ್ಕನ್ನೂ ಬೆಸೆದು ಒಂದು ಮಾಡುವ ಆಸೆ ಹಳೆಯದು. ಎರಡನೆಯ ಶತಮಾನದಲ್ಲಿ ತಾತಿಯನ್ ಎಂಬಾತ ದಿಯಾತೆಸ್ಸರಾನ್ ಎಂಬ ಒಂದೇ ಕಥನ ಹೆಣೆದ. ಸಿರಿಯಾದ ಸಭೆಗಳು ಅದನ್ನು ಬಹುಕಾಲ ಓದಿದವು. ಐದನೆಯ ಶತಮಾನದಲ್ಲಿ ಥಿಯೊಡೊರೆಟ್ ಎಂಬ ಬಿಷಪ್ ತನ್ನ ಪ್ರಾಂತದಲ್ಲಿ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ, ನಾಲ್ಕನ್ನು ನಾಲ್ಕಾಗಿಯೇ ಮರಳಿ ಇಡಿಸಿದ. ಪುಸ್ತಕ ತೆಗೆಸುವವರು ನನಗೆ ಹಿಡಿಸುವುದಿಲ್ಲ, ಆದರೂ ಈ ಒಂದು ವಿಷಯದಲ್ಲಿ ಬಿಷಪ್ಪನ ಕಡೆ ವಾಲುತ್ತೇನೆ. ಮಂಗಳೂರಿನ ಕಡೆ ಕ್ರಿಸ್ಮಸ್‌ಗೆ ಕಟ್ಟುವ ಗೋದಲಿಯೂ ಪುಟ್ಟ ದಿಯಾತೆಸ್ಸರಾನೇ: ಮತ್ತಾಯನ ಮೂಡಣ ಜೋಯಿಸರೂ ಲೂಕನ ಕುರುಬರೂ ಒಂದೇ ಹುಲ್ಲಿನ ಮೇಲೆ. ಎತ್ತು, ಕತ್ತೆ ಮಾತ್ರ ಇಬ್ಬರಲ್ಲೂ ಇಲ್ಲ. ಗೋದಲಿಗೆ ಎಲ್ಲ ಮಾಫಿ.

ಆದರೆ ಕಿವಿಯ ವಿಷಯದಲ್ಲಿ ಬೆಸುಗೆ ಸಲ್ಲದು. ಯೇಸುವನ್ನು ಬಂಧಿಸುವ ರಾತ್ರಿ ಯಾರೋ ಕತ್ತಿ ಬೀಸಿ ಮಹಾಯಾಜಕನ ಆಳಿನ ಕಿವಿ ಹಾರಿಸುತ್ತಾನೆ. ಮಾರ್ಕ ಇಷ್ಟು ಹೇಳಿ ಮುಂದೆ ನಡೆಯುತ್ತಾನೆ. ಮತ್ತಾಯನಲ್ಲಿ ಕತ್ತಿಯ ಬಗ್ಗೆ ಯೇಸುವಿನ ಬುದ್ಧಿವಾದ ಸೇರಿಕೊಳ್ಳುತ್ತದೆ. ಅದು ಬಲಗಿವಿ ಎನ್ನುತ್ತಾನೆ ಲೂಕ; ಯೇಸು ಅದನ್ನು ಮುಟ್ಟಿ ವಾಸಿಮಾಡಿದ ಎನ್ನುವವನು ಅವನೊಬ್ಬನೇ. ಯೋಹಾನನಲ್ಲಿ ವಾಸಿಯಾದ ಸುದ್ದಿಯಿಲ್ಲ, ಬದಲಿಗೆ ಹೆಸರುಗಳಿವೆ: ಬೀಸಿದವನು ಶಿಷ್ಯ ಪೇತ್ರ, ಕಿವಿ ಕಳೆದುಕೊಂಡವನು ಮಲ್ಕ.

ಹೆಸರು ಗೊತ್ತಿದ್ದರಿಂದಲೇ ಯೋಹಾನನಿಗೆ ಇನ್ನೊಂದು ಎಳೆ ಸಿಗುತ್ತದೆ. ಮಹಾಯಾಜಕನ ಅಂಗಳದಲ್ಲಿ ಪೇತ್ರ ಬೆಂಕಿ ಕಾಯಿಸುತ್ತಿದ್ದಾನೆ. ಮತ್ತಾಯನಲ್ಲಿ ಅವನನ್ನು ಹಿಡಿದುಕೊಡುವುದು ಅವನ ಮಾತಿನ ಧಾಟಿ. ಯೋಹಾನನಲ್ಲಿ ಅಲ್ಲಿಗೆ ಬರುವವನು ಮಲ್ಕನ ನೆಂಟ. ತೋಟದಲ್ಲಿ ನಿನ್ನನ್ನು ನೋಡಲಿಲ್ಲವೇ ಎಂದು ಕೇಳುತ್ತಾನೆ. ಪೇತ್ರ ಇಲ್ಲವೆನ್ನುತ್ತಾನೆ. ಕೋಳಿ ಕೂಗುತ್ತದೆ, ಮಾರ್ಕನ ಲೆಕ್ಕದಲ್ಲಿ, ಅದು ಎರಡನೆಯ ಸಲ.