ನಕ್ಷೆಯಲ್ಲಿಲ್ಲದ ಕಾಲುವೆ

ನಕ್ಷೆ ಓದುವುದನ್ನು ಮಕ್ಕಳಿಗೆ ಹೇಳಿಕೊಡುತ್ತಲೇ ನನ್ನ ಇಪ್ಪತ್ತೇಳು ವರ್ಷ ಕಳೆದಿದೆ. ಮೇಲುಗಡೆ ಉತ್ತರ, ನೀಲಿ ಎಂದರೆ ನೀರು, ಕಂದು ಎಂದರೆ ಬೆಟ್ಟ. ಕರಿಹಲಗೆಯ ಪಕ್ಕದ ಮೊಳೆಗೆ ನಕ್ಷೆ ತೂಗುಹಾಕಿ ಕೋಲಿನ ತುದಿಯಿಂದ ಊರುಗಳನ್ನು ತೋರಿಸುವಾಗ, ಅದು ತಪ್ಪಿರಬಹುದೆಂಬ ಅನುಮಾನ ಒಮ್ಮೆಯೂ ಬಂದಿರಲಿಲ್ಲ. ಅಚ್ಚಾದದ್ದೆಲ್ಲ ನಿಜವೆಂದು ನಂಬಿ ಬೆಳೆದವರು ನಾವು. ಆ ನಂಬಿಕೆ ಅಲುಗಾಡಿದ್ದು 2023ರಲ್ಲಿ, ಬೆಂಗಳೂರಿನ ತಂಗಿಯ ಮನೆಯಲ್ಲಿ.

ತಂಗಿಯ ಗಂಡ ಆಗಷ್ಟೇ ನಿವೃತ್ತರಾಗಿದ್ದರು. ಬಂದ ಹಣದಲ್ಲಿ ನಗರದ ಅಂಚಿನಲ್ಲಿ ಮೂವತ್ತು-ನಲವತ್ತರ ಒಂದು ಸೈಟು ಕೊಳ್ಳಲು ಎರಡು ಲಕ್ಷ ಮುಂಗಡ ಕೊಟ್ಟು ಬಂದಿದ್ದರು. ಊಟವಾದ ಮೇಲೆ ಬಡಾವಣೆಯ ಬಣ್ಣದ ನಕ್ಷೆಯನ್ನು ನನ್ನ ಮುಂದೆ ಬಿಡಿಸಿ, "ನೋಡಿ ಅಕ್ಕ, ನಮ್ಮ ಸೈಟಿನ ಹಿಂದೆಯೇ ಪಾರ್ಕು" ಎಂದರು. ಗೆರೆಗಳೆಲ್ಲ ಕಣ್ಣಿಗೆ ಒತ್ತಿಕೊಳ್ಳುವಷ್ಟು ಚೆಂದವಾಗಿದ್ದವು. ನಾನೂ ಮೆಚ್ಚಿದೆ.

ಮೆಚ್ಚದವಳು ತಂಗಿಯ ಮಗಳು ಒಬ್ಬಳೇ. ಉಪಗ್ರಹದ ಚಿತ್ರಗಳನ್ನು ಇಟ್ಟುಕೊಂಡು ನಕ್ಷೆಗಳನ್ನು ತಾಳೆ ನೋಡುವುದೇ ಅವಳ ಉದ್ಯೋಗ. ಹಿಂದಿನ ವರ್ಷದ ಸೆಪ್ಟೆಂಬರ್ ಅವಳ ಮನಸ್ಸಿನಲ್ಲಿತ್ತು. 2022ರ ಆ ಮಳೆಯಲ್ಲಿ ಬೆಂಗಳೂರಿನ ಪೂರ್ವದ ಬಡಾವಣೆಗಳಲ್ಲಿ ಜನ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದದ್ದನ್ನು, ಮನೆಗಳಿಂದ ದೋಣಿಯಲ್ಲಿ ಹೊರಬಂದದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೆವು. "ದೊಡ್ಡಮ್ಮ, ಈ ನಕ್ಷೆಗೂ ಒಂದು ಪರೀಕ್ಷೆ ಇಡೋಣವಾ? ನೀವೇ ಮೇಷ್ಟ್ರು" ಎಂದಳು.

ಕಂದಾಯ ಗ್ರಾಮದ ಹಳೆಯ ನಕ್ಷೆಯ ಪ್ರತಿಯೊಂದನ್ನು ಅವಳು ಆಗಲೇ ತರಿಸಿಟ್ಟಿದ್ದಳು. ಸರಪಳಿ ಹಿಡಿದು ಹೊಲಹೊಲ ಅಳೆದ ಕಾಲದ್ದು. ನಮ್ಮ ಗುಂಟೆಯ ಲೆಕ್ಕವೇ ಆ ಸರಪಳಿಯದು: 33 ಅಡಿ ಉದ್ದ, 33 ಅಡಿ ಅಗಲ ಎಂದರೆ ಒಂದು ಗುಂಟೆ, ಅಂಥವು ನಲವತ್ತು ಸೇರಿದರೆ ಒಂದು ಎಕರೆ. ಸರ್ವೆ ನಂಬರುಗಳ ನಡುವೆ ಕೆರೆ, ಬಂಡಿದಾರಿ, ಹಳ್ಳ ಎಲ್ಲವೂ ಅದರಲ್ಲಿದ್ದವು. ಒಂದು ಕಾಲುವೆಯೂ ಇತ್ತು, ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ. ಬಣ್ಣದ ನಕ್ಷೆಯಲ್ಲಿ ಅದು ಇರಲಿಲ್ಲ.

ಎರಡರಲ್ಲಿ ಯಾವುದನ್ನು ನಂಬುವುದು? ಹಳೆಯದು ಮಡಿಕೆ ಬಿದ್ದು ಹಿಗ್ಗಿ ಕುಗ್ಗಿದ ಕಾಗದ. ಹೊಸದು ಕಂಪ್ಯೂಟರಿನಲ್ಲಿ ಬರೆದದ್ದು. ಅವಳು ಜಿ.ಐ.ಎಸ್. ಎಂಬ ಸಾಧನದಲ್ಲಿ ಹಳೆಯ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ತೆಳು ಸೆರಗಿನಂತೆ ಹಾಸಿದಳು. ಮೊದಲು ಎರಡೂ ಹೊಂದಲಿಲ್ಲ. ಆಗ ಇಷ್ಟು ವರ್ಷಗಳಲ್ಲಿ ಕದಲದೆ ಉಳಿದ ಗುರುತುಗಳನ್ನು ಹುಡುಕಿದಳು: ಊರ ಗುಡಿ, ಕೆರೆ ಏರಿಯ ತುದಿ, ಹಳೆಯ ದಾರಿಗಳು ಕೂಡುವ ಜಾಗ. ಅಂಥ ಐದನ್ನು ಗುಂಡುಸೂಜಿ ಚುಚ್ಚಿದಂತೆ ಎರಡರಲ್ಲೂ ಗುರುತಿಸಿ ನಕ್ಷೆಯನ್ನು ಎಳೆದು ಕೂರಿಸಿದಳು.

"ಸರಿಯಾಯಿತಲ್ಲ" ಎಂದೆ.

"ಇಲ್ಲ ದೊಡ್ಡಮ್ಮ, ಈ ಐದು ಹೊಂದಲೇಬೇಕು, ನಾನೇ ಹೊಂದಿಸಿದ್ದು. ಪರೀಕ್ಷೆಗೆ ಬೇರೆಯವು ಬೇಕು."

ನನಗೆ ನಗು ಬಂತು. ಹಲಗೆಯ ಮೇಲೆ ಬಿಡಿಸಿದ ಲೆಕ್ಕವನ್ನೇ ಪರೀಕ್ಷೆಯಲ್ಲಿ ಕೊಟ್ಟರೆ ಎಲ್ಲರೂ ನೂರಕ್ಕೆ ನೂರು! ಅವಳು ಇನ್ನೂ ಆರು ಗುರುತುಗಳನ್ನು ಆರಿಸಿ, ನಕ್ಷೆ ತೋರಿಸುವ ಜಾಗಕ್ಕೂ ಚಿತ್ರದಲ್ಲಿರುವ ಜಾಗಕ್ಕೂ ಎಷ್ಟು ದೂರವೆಂದು ಅಳೆದಳು. ಒಂದು 3 ಮೀಟರ್, ಇನ್ನೊಂದು 12. ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಕಂಡಾಗ ಬಂದದ್ದು ಏಳೂವರೆ ಮೀಟರ್. ಅಷ್ಟು ಹಳೆಯ ಸರಪಳಿ ಕೆಲಸಕ್ಕೆ ಇದು ಒಳ್ಳೆಯ ಅಂಕವೇ. ಆದರೆ ಮೂವತ್ತಡಿ ಸೈಟಿನ ಅಗಲ ಒಂಬತ್ತು ಮೀಟರ್. ಕಾಲುವೆ ನಮ್ಮ ಸೈಟಿನಲ್ಲೇ ಹಾದಿತ್ತೋ ಪಕ್ಕದ್ದರಲ್ಲೋ ಎಂದು ಆ ನಕ್ಷೆ ಹೇಳಲಾರದು. ಆ ಬೀದಿಯಲ್ಲೇ ಹಾದಿತ್ತು ಎಂಬುದನ್ನಂತೂ ಹೇಳಿತು.

ಹಾಗಾದರೆ ಉಪಗ್ರಹವಾದರೂ ಎಲ್ಲ ಬಲ್ಲದೇ? 1988ರ ನಮ್ಮ ಐ.ಆರ್.ಎಸ್.-1ಎ ಉಪಗ್ರಹದ ಉತ್ತಮ ಚಿತ್ರದಲ್ಲೂ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಸುಮಾರು 36 ಮೀಟರ್. ನಮ್ಮ ಸೈಟಿನಂಥವು ಒಂದು ಚುಕ್ಕೆಯೊಳಗೆ ಹತ್ತು ಹಿಡಿಸುತ್ತವೆ. 2005ರ ಕಾರ್ಟೋಸ್ಯಾಟ್-1ರಲ್ಲಿ ಆ ಚುಕ್ಕೆ ಎರಡೂವರೆ ಮೀಟರಿಗೆ ಇಳಿಯಿತು. ಆದರೂ ಮರದ ಕೆಳಗಿನದು, ನೆರಳಿನಲ್ಲಿರುವುದು, ಮಣ್ಣು ಮುಚ್ಚಿದ್ದು ಅದಕ್ಕೆ ಕಾಣದು. ಎತ್ತರದ ಕಟ್ಟಡಗಳು ಓರೆಯಾಗಿ ಬೀಳುವುದೂ ಉಂಟು. ಬೆಂಗಳೂರಿನ ಇವತ್ತಿನ ಚಿತ್ರದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಕಾಣುತ್ತದೆ, ಅದರಡಿಯ ಧರ್ಮಾಂಬುಧಿ ಕೆರೆ ಕಾಣದು. ಕಂಠೀರವ ಕ್ರೀಡಾಂಗಣ ಕಾಣುತ್ತದೆ, ಸಂಪಂಗಿ ಕೆರೆಯ ಹರವು ಕಾಣದು.

ಹಾಗಾಗಿ ಅವಳು ಹಿಂದಿನ ವರ್ಷಗಳ ಚಿತ್ರಗಳನ್ನು ಒಂದೊಂದಾಗಿ ತೆರೆದಳು. ಗೂಗಲ್ ಅರ್ಥ್‌ನಲ್ಲಿ ಮನೆಯಲ್ಲೇ ಕುಳಿತು ಹಾಗೆ ಹಿಂದಕ್ಕೆ ಹೋಗಬಹುದಂತೆ. ಒಂದರಲ್ಲಿ ಗದ್ದೆಗಳ ನಡುವೆ ಹಾವಿನಂತೆ ಹಸಿರು ಗೆರೆ. ಮುಂದಿನದರಲ್ಲಿ ಆ ಗೆರೆ ಅರ್ಧಕ್ಕೇ ನಿಂತಿತ್ತು. ಅದರ ಮುಂದಿನದರಲ್ಲಿ ಕೆಮ್ಮಣ್ಣು, ಸುಣ್ಣ ಬಳಿದ ಗೂಟಗಳ ಸಾಲು. ತಂಗಿಯ ಗಂಡ ಕನ್ನಡಕ ತೆಗೆದು ಒರೆಸಿಕೊಂಡರು.

ಭಾನುವಾರ ನಾವು ನಾಲ್ವರೂ ಜಾಗಕ್ಕೆ ಹೋದೆವು. ರಾಜ್ಯದ ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸಿತು. ಅದು ತಿಳಿವಳಿಕೆಗೆ ಮಾತ್ರ. ಎಲ್ಲೆಯನ್ನು ತೀರ್ಮಾನಿಸಬೇಕಾದವರು ಸರ್ವೆಯರೇ. ಪಾರ್ಕಿನ ಬೋರ್ಡು ನೆಟ್ಟ ಕಡೆ ಮುಳ್ಳುಗಿಡಗಳ ನಡುವೆ ಅರ್ಧ ಹೂತ ಚಪ್ಪಡಿ ಕಲ್ಲುಗಳು ಕಂಡವು. ಮೇಕೆ ಮೇಯಿಸುತ್ತಿದ್ದ ಮುದುಕಿಯನ್ನು ಕೇಳಿದೆ. "ಅದು ಮೋರಿ ಕಣವ್ವ. ಕೆರೆ ಕೋಡಿ ಬಿದ್ರೆ ನೀರೆಲ್ಲ ಇಲ್ಲೇ ಹರೀತಿದ್ದುದು. ಈಗೆಲ್ಲಿಗೆ ಹೋಯ್ತದೋ" ಎಂದಳು. ನಾವು ಮೂರು ದಿನ ಕಂಪ್ಯೂಟರಿನ ಮುಂದೆ ಕುಳಿತು ಕಂಡದ್ದನ್ನು ಅವಳು ಮೂರು ಮಾತಿನಲ್ಲಿ ಹೇಳಿದ್ದಳು. ಆದರೆ ಎಲ್ಲಿ ಹೋಗಿ, ಏನು ಕೇಳಬೇಕೆಂದು ನಮಗೆ ತಿಳಿಸಿದ್ದು ಆ ಕಂಪ್ಯೂಟರೇ.

ತಂಗಿಯ ಗಂಡ ಸೈಟು ಬಿಟ್ಟರು. ಎರಡು ಲಕ್ಷದಲ್ಲಿ ವಾಪಸು ಬಂದದ್ದು ಅರ್ಧ. ಕೆಲವು ದಿನ ಮಗಳೊಂದಿಗೆ ಮಾತೂ ಬಿಟ್ಟಿದ್ದರು, ತಪ್ಪು ಅವಳದೇ ಎಂಬಂತೆ.

ಈಗ ತರಗತಿಯಲ್ಲಿ ನಕ್ಷೆ ತೂಗುಹಾಕಿದಾಗ ಮಕ್ಕಳಿಗೆ ಮೂರು ಪ್ರಶ್ನೆ ಕೇಳುತ್ತೇನೆ. ಇದನ್ನು ಬರೆದದ್ದು ಯಾವಾಗ? ಯಾರಿಗಾಗಿ? ಇದರಲ್ಲಿ ಏನನ್ನು ಬಿಟ್ಟಿದ್ದಾರೆ? ಗೆರೆ ಎಷ್ಟು ಮೀಟರ್ ಸರಿದಿದೆಯೆಂದು ಅಳೆಯಬಹುದು. ಬರೆಯದೆ ಬಿಟ್ಟ ಗೆರೆಯನ್ನು ಯಾವ ಅಳತೆಗೋಲೂ ತೋರಿಸದು. ಅದಕ್ಕೆ ಇನ್ನೊಂದು ನಕ್ಷೆ ಬೇಕು, ಇಲ್ಲವೇ ಇನ್ನೊಬ್ಬರ ನೆನಪು.

ಮರುವರ್ಷ ಬೇಸಿಗೆ ರಜೆಯಲ್ಲಿ ಅದೇ ದಾರಿಯಲ್ಲಿ ಹೋಗುತ್ತಿದ್ದಾಗ ನೋಡಿದೆ. ಆ ಸೈಟಿನಲ್ಲಿ ಮನೆ ಎದ್ದಿತ್ತು. ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ದೊಡ್ಡ ರಂಗೋಲಿ, ಹೊಸ್ತಿಲ ಬಳಿ ಹೊಸ ಸೀರೆಯುಟ್ಟ ಹೆಣ್ಣುಮಗಳು. ಕಾರು ನಿಲ್ಲಿಸಿ ಹೇಳಲೇ ಎಂದುಕೊಂಡೆ. ಗೃಹಪ್ರವೇಶದ ದಿನ ಯಾರಿಗಾದರೂ ಹೇಳುವ ಮಾತೇ ಅದು? ಸುಮ್ಮನೆ ಬಂದುಬಿಟ್ಟೆ. ಈಗ ರಾತ್ರಿ ಜೋರು ಮಳೆ ಬಂದರೆ ಮೊದಲು ನೆನಪಾಗುವುದು ಆ ರಂಗೋಲಿ.