ಅವ್ವನಿಗೊಂದು ಕಾಲಂ

1992ರ ಡಿಸೆಂಬರ್. ನಾನಾಗ ಎರಡನೆಯ ಪಿಯುಸಿ ವಿದ್ಯಾರ್ಥಿ. ನಮ್ಮೂರು ಮದ್ದೂರಿಗೂ ಮಂಡ್ಯಕ್ಕೂ ನಡುವೆ ಹೆದ್ದಾರಿಗೆ ಅಂಟಿಕೊಂಡಂತೆ ಇದೆ. ಊರ ಮುಂದಿನ ಹುಣಸೆಮರದ ಕೆಳಗೆ ಒಂದು ಮರದ ಕುರ್ಚಿ, ಒಂದು ಕಂದೀಲು, ರಟ್ಟಿಗೆ ಸಿಕ್ಕಿಸಿದ ಅಚ್ಚಿನ ಫಾರಂ, ಎರಡು ಪೆನ್ಸಿಲ್ ಕೊಟ್ಟು ನನ್ನನ್ನು ಏಳು ದಿನದ ಮಟ್ಟಿಗೆ ಗಣತಿದಾರನನ್ನಾಗಿ ಕೂರಿಸಿದ್ದರು. ಜನಗಣತಿಯಲ್ಲ, ವಾಹನಗಣತಿ. ರಸ್ತೆಯಲ್ಲಿ ಹಾದುಹೋಗುವ ಪ್ರತಿಯೊಂದು ವಾಹನಕ್ಕೂ ಒಂದು ಗೀಟು. ನಾಲ್ಕು ಗೀಟಾದ ಮೇಲೆ ಐದನೆಯದು ಅಡ್ಡ. ಮೂವರು ಹುಡುಗರು, ಎಂಟೆಂಟು ಗಂಟೆಯ ಪಾಳಿ. ಕೈಗೆ ಸಿಗುವ ಹಣದಲ್ಲಿ ಒಂದು ಕೈಗಡಿಯಾರ ಕೊಳ್ಳುವುದೆಂದು ನಾನು ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದೆ.

ಈಗ ರಾಷ್ಟ್ರೀಯ ಹೆದ್ದಾರಿ 275 ಎಂದು ಕರೆಸಿಕೊಳ್ಳುವ ಬೆಂಗಳೂರು-ಮೈಸೂರು ರಸ್ತೆ ಆಗಿನ್ನೂ ರಾಜ್ಯ ಹೆದ್ದಾರಿ 17. ಎರಡು ಬಸ್ಸುಗಳು ಎದುರಾದರೆ ಒಂದರ ಚಕ್ರ ಮಣ್ಣಿಗಿಳಿಯಬೇಕಾಗುತ್ತಿತ್ತು. ಕೆಂಪು ಬಸ್ಸು, ಲಾರಿ, ಅಂಬಾಸಿಡರ್ ಕಾರು, ಲೂನಾ, ಸೈಕಲ್ಲು, ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಎತ್ತಿನ ಗಾಡಿಗಳ ಸಾಲು, ಎಲ್ಲವೂ ಒಂದೇ ಡಾಂಬರಿನ ಮೇಲೆ. ಫಾರಂನಲ್ಲಿ ಎಲ್ಲಕ್ಕೂ ಕಾಲಂ ಇತ್ತು. ವಾಹನಗಣತಿ ಹೇಗೆ ಮಾಡಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1972ರಲ್ಲೇ ಕ್ರಮ ಹಾಕಿಕೊಟ್ಟಿತ್ತು ಎಂಬುದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ.

ಅದೇ ಸಂಸ್ಥೆ 1990ರಲ್ಲಿ ಹೊರತಂದ ಇನ್ನೊಂದು ಪುಸ್ತಿಕೆಯಲ್ಲಿ ಒಂದು ಸ್ವಾರಸ್ಯದ ಲೆಕ್ಕವಿದೆ. ರಸ್ತೆಯ ಮೇಲೆ ಬೀಳುವ ಒತ್ತಡವನ್ನು ಅಳೆಯಲು ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ಇಳಿಸುತ್ತಾರೆ. ಕಾರು ಒಂದು. ಬಸ್ಸು ಅಥವಾ ಲಾರಿ ಮೂರು ಕಾರಿಗೆ ಸಮ. ಸ್ಕೂಟರೂ ಸೈಕಲ್ಲೂ ಅರ್ಧ ಕಾರು. ದೊಡ್ಡ ಎತ್ತಿನ ಗಾಡಿ? ಎಂಟು ಕಾರು! ತೂಕಕ್ಕಲ್ಲ, ನಿಧಾನಕ್ಕೆ. ಹಿಂದಿನವರನ್ನು ಅದು ಅಷ್ಟು ತಡೆದು ನಿಲ್ಲಿಸುತ್ತದೆ ಎಂಬ ಅರ್ಥದಲ್ಲಿ. ನಮ್ಮಪ್ಪನಿಗೆ ಇದನ್ನು ಹೇಳಿದಾಗ, 'ಹಂಗಾರೆ ನಮ್ಮನೇಲೂ ಎಂಟು ಕಾರು ಅವೆ ಅನ್ನು' ಎಂದು ನಕ್ಕಿದ್ದರು.

ಗಣತಿಯ ಮೂರನೆಯ ಬೆಳಿಗ್ಗೆ ಅವ್ವ ಹಾಲಿನ ಕ್ಯಾನು ಹಿಡಿದು ರಸ್ತೆ ದಾಟಿದಳು. ಹಾಲಿನ ಡೇರಿ ರಸ್ತೆಯ ಆಚೆ ಬದಿಗೆ. ವಾಪಸು ಬರುವಾಗ ಕುರ್ಚಿಯ ಹತ್ತಿರ ನಿಂತು, 'ನನ್ನೂ ಬರ್ಕಂಡೇನ್ಲಾ?' ಎಂದು ಕೇಳಿದಳು. 'ನಡ್ಕಂಡು ಹೋಗೋರ್ಗೆ ಕಾಲಂ ಇಲ್ಲ ಕಣವ್ವ' ಎಂದೆ. 'ಹಂಗಾರೆ ಈ ರಸ್ತೇಲಿ ನಾವು ಇಲ್ವೇ ಇಲ್ಲ ಅನ್ನು' ಎಂದು ಸೆರಗು ಸಿಕ್ಕಿಸಿಕೊಂಡು ಹೊರಟಳು. ಅದೊಂದು ತಮಾಷೆಯ ಮಾತು. ನಾನೂ ನಕ್ಕೆ.

ಎರಡು ವರ್ಷದ ನಂತರ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಬಸ್ಸನ್ನು ಹಿಂದಿಕ್ಕಿ ಬಂದ ವ್ಯಾನೊಂದು ಅವ್ವನಿಗೆ ತಗುಲಿಸಿಕೊಂಡು ಹೋಯಿತು. ಸೊಂಟದ ಮೂಳೆ ಮುರಿಯಿತು. ಮೂರು ತಿಂಗಳು ಹಾಸಿಗೆ. ವ್ಯಾನು ಯಾರದೆಂದು ಇಂದಿಗೂ ಗೊತ್ತಿಲ್ಲ. ನಂಬರು ನೋಡಿಕೊಂಡವರು ಯಾರೂ ಇರಲಿಲ್ಲ. ಅವ್ವ ಎದ್ದು ಓಡಾಡಿದಳು ನಿಜ, ಆದರೆ ಅಂದಿನಿಂದ ಎಡಗಾಲು ಎಳೆದೇ ನಡೆಯುತ್ತಾಳೆ.

ಮುಂದೆ ನಾನು ಭೌತಶಾಸ್ತ್ರ ಓದಿ ಮೇಷ್ಟರಾದೆ. ತರಗತಿಯಲ್ಲಿ ಇಂಡಕ್ಟೆನ್ಸ್ ಪಾಠ ಬಂದಾಗಲೆಲ್ಲ ರಸ್ತೆಯದೇ ಉದಾಹರಣೆ ಕೊಡುವುದು ನನ್ನ ರೂಢಿ. ಪೆನ್ಸಿಲ್ ಹಿಡಿದ ಹುಡುಗನ ಜಾಗಕ್ಕೆ ಹೊರದೇಶಗಳಲ್ಲಿ ಮೊದಲು ಬಂದದ್ದು ರಸ್ತೆಗೆ ಅಡ್ಡಲಾಗಿ ಹಾಸಿದ ಒಂದು ರಬ್ಬರ್ ಕೊಳವೆ. ಚಕ್ರ ಅದರ ಮೇಲೆ ಹತ್ತಿದಾಗ ಒಳಗಿನ ಗಾಳಿ ಒತ್ತಿ ತುದಿಯ ಪೆಟ್ಟಿಗೆಯಲ್ಲಿ ಒಂದಂಕಿ ಹೆಚ್ಚುತ್ತದೆ. 1960ರ ದಶಕದಲ್ಲಿ ತಂತಿಯ ಸುರುಳಿ ಬಂತು. ಡಾಂಬರನ್ನು ಚೌಕಾಕಾರವಾಗಿ ಕೊಯ್ದು ತಂತಿ ಹೂತು ಅದರಲ್ಲಿ ಪರ್ಯಾಯ ವಿದ್ಯುತ್ ಹರಿಸುತ್ತಾರೆ. ಲೋಹದ ವಾಹನ ಮೇಲೆ ಬಂದೊಡನೆ ಸುರುಳಿಯ ಇಂಡಕ್ಟೆನ್ಸ್ ಇಳಿಯುತ್ತದೆ, ಯಂತ್ರಕ್ಕೆ ವಾಹನ ಬಂದದ್ದು ತಿಳಿಯುತ್ತದೆ. ಅದೇ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಹೆದ್ದಾರಿಯೊಂದರ ಮೇಲೆ ಟೆಲಿವಿಷನ್ ಕ್ಯಾಮೆರಾಗಳನ್ನು ಇಟ್ಟು ದಟ್ಟಣೆಯನ್ನು ದೂರದಿಂದ ನೋಡಿದರು. 1990ರ ದಶಕದ ಹೊತ್ತಿಗೆ ಇವೆಲ್ಲ ಸೇರಿ 'ಇಂಟೆಲಿಜೆಂಟ್ ಟ್ರಾನ್ಸ್‌ಪೋರ್ಟೇಷನ್ ಸಿಸ್ಟಮ್', ಅಂದರೆ ಬುದ್ಧಿವಂತ ಸಾರಿಗೆ ವ್ಯವಸ್ಥೆ ಎಂಬ ದೊಡ್ಡ ಹೆಸರು ಪಡೆದವು.

ನಮ್ಮ ರಸ್ತೆಗೂ ಬುದ್ಧಿ ಬಂತು, ಸ್ವಲ್ಪ ತಡವಾಗಿ. ಈ ಹೆದ್ದಾರಿ ಹೋಗಿ ಸೇರುವ ಮೈಸೂರಿನಲ್ಲಿ 2012ರಲ್ಲಿ ನಗರ ಸಾರಿಗೆ ಬಸ್ಸುಗಳಿಗೆ ಜಿಪಿಎಸ್ ಹಾಕಿ, ಮುಂದಿನ ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆಂದು ತಂಗುದಾಣದ ಫಲಕದಲ್ಲಿ ತೋರಿಸಲು ಆರಂಭಿಸಿದರು. ಕಾಯುವವರ ಬಗ್ಗೆ ಯೋಚಿಸಿದ ಬುದ್ಧಿ ಅದು. ಈ ಶತಮಾನದ ಮೊದಲ ದಶಕದಲ್ಲಿ ನಾಲ್ಕು ಪಥವಾಗಿದ್ದ ನಮ್ಮ ರಸ್ತೆ ಆಮೇಲೆ ಇನ್ನೂ ಅಗಲವಾಯಿತು. 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಿ ಅದನ್ನು ಉದ್ಘಾಟಿಸಿದರು. ಸುಮಾರು 118 ಕಿಲೋಮೀಟರ್ ಉದ್ದ, ನಡುವೆ ಆರು ಪಥ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರಸ್ತೆ. ಬಿಡದಿಯ ಬಳಿಯೂ ಶ್ರೀರಂಗಪಟ್ಟಣದ ಬಳಿಯೂ ಟೋಲ್.

2021ರ ಫೆಬ್ರುವರಿಯಿಂದ ರಾಷ್ಟ್ರೀಯ ಹೆದ್ದಾರಿಗಳ ಟೋಲ್‌ಗಳಲ್ಲಿ ಕಡ್ಡಾಯವಾಗಿರುವ ಫಾಸ್ಟ್ಯಾಗ್ ನಿಮಗೆಲ್ಲ ಗೊತ್ತು. ಅದರಲ್ಲಿ ಬ್ಯಾಟರಿಯಿಲ್ಲ. ಟೋಲ್‌ನ ಕಂಬದಿಂದ ಬರುವ ರೇಡಿಯೋ ಅಲೆಯ ಶಕ್ತಿಯಿಂದಲೇ ಅದು ಎಚ್ಚೆತ್ತು ತನ್ನ ಸಂಖ್ಯೆ ಹೇಳಿ ಮತ್ತೆ ಸುಮ್ಮನಾಗುತ್ತದೆ. ಹೊಸ ರಸ್ತೆಯಲ್ಲಿ ಅಪಘಾತಗಳು ಹೆಚ್ಚಿದಾಗ, 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನೂ ಎತ್ತಿನ ಗಾಡಿಯಂಥ ಯಂತ್ರವಿಲ್ಲದ ವಾಹನಗಳನ್ನೂ ನಡುವಿನ ಆರು ಪಥಕ್ಕೆ ಬಾರದಂತೆ ನಿಷೇಧಿಸಿ ಸರ್ವಿಸ್ ರಸ್ತೆಗೆ ಕಳಿಸಿದರು. 2024ರಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ದಂಡ ಹಾಕಲು ತೊಡಗಿದವು.

ಈ ಕ್ಯಾಮೆರಾಗಳನ್ನು ದೂರುವವರಲ್ಲಿ ನಾನಿಲ್ಲ. ವೇಗ 60ರಿಂದ 100ಕ್ಕೆ ಏರಿದರೆ ವಾಹನದ ಚಲನಶಕ್ತಿ ಎರಡೂ ಮುಕ್ಕಾಲು ಪಟ್ಟಿಗಿಂತ ಹೆಚ್ಚಾಗುತ್ತದೆ. ಇದನ್ನು ಕಪ್ಪುಹಲಗೆಯ ಮೇಲೆ ಬರೆಯುವ ನನಗೆ, ಕಾಲು ಹಗುರ ಮಾಡಿಸುವ ಯಾವುದೇ ಕಣ್ಣಾದರೂ ಸರಿಯೇ. 1994ರಲ್ಲಿ ಅಂಥದ್ದೊಂದು ಕಂಬ ನಮ್ಮ ಹುಣಸೆಮರದ ಬಳಿ ಇದ್ದಿದ್ದರೆ ಆ ವ್ಯಾನಿನ ನಂಬರಾದರೂ ಸಿಗುತ್ತಿತ್ತು.

ಆದರೆ ಒಂದು ವಿಷಯ ಗಮನಿಸಿ. ಕೊಳವೆಗೆ ಬೇಕಾದದ್ದು ಚಕ್ರದ ಭಾರ. ಸುರುಳಿಗೆ ಬೇಕಾದದ್ದು ಲೋಹ. ಟೋಲ್ ಕಂಬಕ್ಕೆ ಬೇಕಾದದ್ದು ಗಾಜಿನ ಮೇಲಿನ ಚೀಟಿ. ಕ್ಯಾಮೆರಾಕ್ಕೆ ಬೇಕಾದದ್ದು ನಂಬರ್ ಪ್ಲೇಟ್. ಹಾಲಿನ ಕ್ಯಾನು ಹಿಡಿದು ನಡೆಯುವ ಹೆಂಗಸಿನ ಬಳಿ ಇವುಗಳಲ್ಲಿ ಯಾವುದೂ ಇಲ್ಲ. ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಹೋಗಿಬರುವಾಗ ಲೆಕ್ಕಕ್ಕೆ ಸಿಗದವರು ಸತ್ತ ಮೇಲೆ ಲೆಕ್ಕಕ್ಕೆ ಬರುತ್ತಾರೆ.

ಇದನ್ನೆಲ್ಲ ಬರೆಯುವಂತೆ ಮಾಡಿದ್ದು ನನ್ನ ಮಗಳು. ಅವಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ವಿಡಿಯೋ ನೋಡಿ ವಾಹನ ಎಣಿಸುವ ತಂತ್ರಾಂಶ ಅವಳ ಪ್ರಾಜೆಕ್ಟು. ಊರಿಗೆ ಬಂದಾಗ ಪರಿಚಿತರ ತಾರಸಿ ಹತ್ತಿ ಒಂದು ಗಂಟೆ ಸರ್ವಿಸ್ ರಸ್ತೆಯನ್ನು ಚಿತ್ರಿಸಿಕೊಂಡಳು. ರಾತ್ರಿ ಲ್ಯಾಪ್‌ಟಾಪಿನ ಮುಂದೆ ಅವಳು, ನಾನು, ಅವ್ವ. ಪರದೆಯ ಮೇಲೆ ಪ್ರತಿ ವಾಹನದ ಸುತ್ತಲೂ ಬಣ್ಣದ ಚೌಕ ಮೂಡಿ, ಮೂಲೆಯಲ್ಲಿ ಅಂಕಿ ಏರುತ್ತಿತ್ತು. ನಾನು ಏಳು ದಿನ ಎಳೆದ ಗೀಟುಗಳನ್ನು ಅದು ಒಂದು ಉಸಿರಿನಲ್ಲಿ ಎಳೆದುಬಿಡುತ್ತಿತ್ತೇನೋ! ಅಷ್ಟರಲ್ಲಿ ಒಂದು ಕಬ್ಬಿನ ಗಾಡಿ ಬಂತು. ತಂತ್ರಾಂಶ ಸುಮ್ಮನಿತ್ತು. ಎಂಟು ಕಾರಿಗೆ ಸಮನಾದದ್ದು ಸೊನ್ನೆಯಾಗಿ ಹಾದುಹೋಯಿತು.

ಮಗಳು ವಿವರಿಸಿದಳು. ಈ ತಂತ್ರಾಂಶ ಕಲಿತದ್ದು ಅಮೆರಿಕದಲ್ಲಿ ತಯಾರಾಗಿ 2014ರಲ್ಲಿ ಬಂದ ಒಂದು ಚಿತ್ರಸಂಗ್ರಹದಿಂದ. ಅದರಲ್ಲಿ ಗುರುತಿಸಬಹುದಾದ ವಸ್ತುಗಳು 80. ಕಾರು, ಬಸ್ಸು, ಲಾರಿ, ಬೈಕು ಇವೆ. ಆಟೋರಿಕ್ಷಾ ಇಲ್ಲ, ಎತ್ತಿನ ಗಾಡಿ ಇಲ್ಲ. ಈ ಕೊರತೆ ತಿಳಿದೇ ಹೈದರಾಬಾದಿನ ಐಐಐಟಿಯವರು ಹೈದರಾಬಾದ್, ಬೆಂಗಳೂರು ರಸ್ತೆಗಳಲ್ಲಿ ಚಿತ್ರ ತೆಗೆದು 2018ರಲ್ಲಿ ನಮ್ಮದೇ ಒಂದು ಸಂಗ್ರಹ ಹೊರತಂದಿದ್ದಾರೆ. ಅದರಲ್ಲಿ ಆಟೋ ಇದೆ, ದನವೂ ಇದೆ.

ಆಮೇಲೆ ಅವ್ವ ಕಾಣಿಸಿಕೊಂಡಳು. ಈಗ ಡೇರಿಗೆ ಹೋಗಲು ಸರ್ವಿಸ್ ರಸ್ತೆಯಲ್ಲೇ ನಡೆದು, ದೂರದ ಅಂಡರ್‌ಪಾಸ್ ಹೊಕ್ಕು ಆಚೆ ಬರಬೇಕು. ಕ್ಯಾನು ಈಗ ಚಿಕ್ಕದು. ಪರದೆಯ ಮೇಲೆ ಕಾಲೆಳೆಯುತ್ತ ಎಡದಿಂದ ಬಲಕ್ಕೆ ಹೋದಳು. ಎದುರಿನಿಂದ ಬಂದ ಬೈಕಿಗೆ ಚೌಕ ಬಿತ್ತು, ಅವಳಿಗೆ ಬೀಳಲಿಲ್ಲ.

'ನನ್ನ ಬರ್ಕಳ್ಲಿಲ್ವಲ್ಲವ್ವ ನಿನ್ ಮಿಷನ್ನು' ಎಂದಳು ಅವ್ವ. ಮೂವತ್ತು ವರ್ಷಕ್ಕೂ ಹಿಂದಿನ ಅದೇ ಮಾತು! ಕೇಳಿದ್ದು ಅವಳಿಗೆ ನೆನಪಿತ್ತೋ ಇಲ್ಲವೋ, ನನಗಂತೂ ಹುಣಸೆಮರ ಕಣ್ಣಮುಂದೆ ಬಂತು.

'ಮನುಷ್ಯರೂ ಎತ್ತಿನ ಗಾಡಿಯ ಹಾಗೆ ಪಟ್ಟಿಯಲ್ಲಿ ಇಲ್ಲವೇನು?' ಎಂದು ಮಗಳನ್ನು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಂತರ ಹೇಳಿದಳು, 'ಇದೆ ಅಪ್ಪ. 80ರ ಪಟ್ಟಿಯಲ್ಲಿ ಮೊದಲನೆಯ ಹೆಸರೇ ಮನುಷ್ಯ. ಪ್ರಾಜೆಕ್ಟಿಗೆ ಬೇಕಾದದ್ದು ವಾಹನ ಮಾತ್ರ ಎಂದು ನಾನೇ ಅದನ್ನು ತೆಗೆಸಿದ್ದೆ.'

ನನ್ನ ಫಾರಂನಲ್ಲಿ ಕಾಲಂ ಇರಲಿಲ್ಲ, ಸರಿ. ಪೆನ್ಸಿಲ್ ಇತ್ತಲ್ಲ! ಅಂಚಿನಲ್ಲಿ ಒಂದು ಗೆರೆ ಎಳೆದು 'ನಡೆಯುವವರು' ಎಂದು ಬರೆದಿದ್ದರೆ ಯಾರಾದರೂ ಬೇಡವೆನ್ನುತ್ತಿದ್ದರೇ? ಬರೆದಿದ್ದರೆ ಅಲ್ಲೊಂದು ದಾಟುಪಟ್ಟಿ ಬರುತ್ತಿತ್ತು, ವ್ಯಾನು ನಿಧಾನವಾಗುತ್ತಿತ್ತು ಎಂದು ನಾನು ಹೇಳಲಾರೆ. ನನಗೆ ಅದು ತೋಚಲೇ ಇಲ್ಲ ಎಂಬುದಷ್ಟೇ ಈಗ ಕಾಡುವ ಸಂಗತಿ. ತೋಚಿದವರೂ ಇದ್ದಾರೆ. ಬ್ರಿಟನ್ನಿನಲ್ಲಿ 1990ರ ದಶಕದಲ್ಲೇ ಒಂದು ಬಗೆಯ ದಾಟುದಾರಿ ಬಂತು. ದಾಟುವವರು ಇನ್ನೂ ರಸ್ತೆಯ ಮೇಲೆ ಇದ್ದಾರೆಯೇ ಎಂದು ಅಲ್ಲಿಯ ಕಂಬದ ಸಂವೇದಕ ನೋಡುತ್ತದೆ. ಮೆಲ್ಲಗೆ ನಡೆಯುವ ಮುದುಕರಿದ್ದರೆ ವಾಹನಗಳ ಕೆಂಪು ದೀಪವನ್ನು ಇನ್ನಷ್ಟು ಹೊತ್ತು ಹಿಡಿದಿಡುತ್ತದೆ.

ಎಂಜಿನಿಯರಿಂಗ್, ಕಂಪ್ಯೂಟರ್ ಎಂದು ಹೊರಟಿರುವ ಮಕ್ಕಳಿಗೆ, ಅವರನ್ನು ಕಳಿಸುತ್ತಿರುವ ತಂದೆತಾಯಂದಿರಿಗೆ ನಾನು ಹೇಳುವುದು ಇಷ್ಟೆ. ಮುಂದಿನ ರಸ್ತೆಗಳನ್ನು ನಿಮ್ಮ ಮಕ್ಕಳೇ ಮಾಡುತ್ತಾರೆ. ಎಣಿಕೆಯನ್ನು ಯಂತ್ರ ಮಾಡಿಕೊಳ್ಳುತ್ತದೆ. ಯಾರನ್ನು ಎಣಿಸಬೇಕು ಎಂಬುದನ್ನು ಮಾತ್ರ ಯಾರಾದರೂ ಹೇಳಿಕೊಡಬೇಕು. ಅದಕ್ಕೆ ಒಮ್ಮೆ ರಸ್ತೆಯ ಬದಿಗೆ ಕುರ್ಚಿ ಹಾಕಿಕೊಂಡು ಕೂತು ನೋಡುವುದು ಒಳ್ಳೆಯದು.

ಆ ರಾತ್ರಿ ಮಗಳು ಏನೋ ಒಂದು ಸಾಲು ತಿದ್ದಿ ವಿಡಿಯೋವನ್ನು ಮತ್ತೆ ಓಡಿಸಿದಳು. ಪರದೆ ತುಂಬ ಜನ. ಶಾಲೆಯ ಮಕ್ಕಳು, ಗಾರೆ ಕೆಲಸದವರು, ಕುರಿ ಹಿಂದೆ ನಡೆದವನು. ಅಷ್ಟು ಜನ ಆ ರಸ್ತೆಯಲ್ಲಿದ್ದರೆಂದು ಮೊದಲ ಸಲ ನೋಡಿದಾಗ ನನಗೂ ಕಂಡಿರಲಿಲ್ಲ. ಎಡತುದಿಯಿಂದ ಅವ್ವ ಬಂದಳು. ಅವಳ ಸುತ್ತ ಒಂದು ಹಸಿರು ಚೌಕ ಮೂಡಿ, ಅವಳು ಕಾಲೆಳೆದಂತೆಲ್ಲ ಅದೂ ಜೊತೆಗೆ ಸಾಗಿತು.

ಅವ್ವ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಗ್ಗಿ ನೋಡಿದಳು. 'ಊಂ, ಈಗ ಸರಿ ಹೋಯ್ತು' ಎಂದು ಮಲಗಲು ಎದ್ದಳು.